ಐವತ್ತೆಂಟು ನಿಮಿಷ

ಬಸ್ಸು ಹೊರಟಾಗ ಅವನ ಗಡಿಯಾರದಲ್ಲಿ ಹನ್ನೊಂದು ಹತ್ತು. ಕಂಡಕ್ಟರಮ್ಮ ಹರಿದುಕೊಟ್ಟ ಟಿಕೆಟ್ಟಿನ ಮೇಲೂ ಹನ್ನೊಂದು ಹತ್ತೇ ಅಚ್ಚಾಗಿತ್ತು. ಎರಡೂ ತಾಳೆಯಾದದ್ದು ನೋಡಿ ಅವನಿಗೆ ಸಣ್ಣದೊಂದು ಸಮಾಧಾನವಾಯಿತು. ಇಂಥ ಸಣ್ಣ ಸಮಾಧಾನಗಳನ್ನು ನೆಚ್ಚಿಕೊಂಡೇ ಅವನು ಮೂವತ್ತು ವರ್ಷ ನೌಕರಿ ಮಾಡಿಕೊಂಡು ಬಂದಿದ್ದ. ಹನ್ನೊಂದು ಹತ್ತಕ್ಕೆ ಐವತ್ತೆಂಟು ನಿಮಿಷ ಸೇರಿಸಿದರೆ ಹನ್ನೆರಡು ಗಂಟೆ ಎಂಟು ನಿಮಿಷ. ವಿಚಾರಣೆ ಇರುವುದು ಹನ್ನೆರಡೂವರೆಗೆ. ಇಪ್ಪತ್ತೆರಡು ನಿಮಿಷ ಕೈಯಲ್ಲಿರುತ್ತದೆ. ಡಿಪೋದ ನಲ್ಲಿಯಲ್ಲಿ ಮುಖ ತೊಳೆದು, ಒಂದು ಟೀ ಕುಡಿದು, ಫೈಲಿನ ಮೇಲೆ ಇನ್ನೊಮ್ಮೆ ಕಣ್ಣಾಡಿಸಿ ಒಳಗೆ ಹೋದರಾಯಿತು. ಈ ಲೆಕ್ಕವನ್ನು ಅವನು ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ, ಬೂಟಿನ ಲೇಸು ಕಟ್ಟುವಾಗ ಒಮ್ಮೆ ಹಾಕಿ ನೋಡಿದ್ದ. ಊರಿನ ಈ ತುದಿಯ ದೊಡ್ಡ ನಿಲ್ದಾಣದಿಂದ ಆ ತುದಿಯ ಡಿಪೋಗೆ ಐವತ್ತೆಂಟು ನಿಮಿಷ ಎಂದು ಬರೆದವನು ಅವನೇ. ಆ ಐವತ್ತೆಂಟು ಸುಳ್ಳು ಎಂದು ಇಡೀ ಊರಿನಲ್ಲಿ ಖಚಿತವಾಗಿ ಗೊತ್ತಿದ್ದವನೂ ಅವನೇ. ಹಾಗಿದ್ದೂ ಅದನ್ನೇ ನಂಬಿಕೊಂಡು ಹೊರಟುಬಂದಿದ್ದೇನೆ ಎಂಬುದು, ನಿಲ್ದಾಣದ ಗೇಟು ದಾಟಲಿಕ್ಕೇ ಬಸ್ಸು ಹನ್ನೊಂದು ನಿಮಿಷ ತೆಗೆದುಕೊಂಡಾಗ ಅವನ ಗಮನಕ್ಕೆ ಬಂತು.

ನಗರದ ಬಸ್ಸುಗಳ ಕೇಂದ್ರ ಕಚೇರಿಯಲ್ಲಿ ಅವನು ವೇಳಾಪಟ್ಟಿ ಶಾಖೆಯ ಮುಖ್ಯಸ್ಥ. ಯಾವ ಬಸ್ಸು ಎಲ್ಲಿಂದ ಎಷ್ಟಕ್ಕೆ ಹೊರಟು ಎಲ್ಲಿಗೆ ಎಷ್ಟಕ್ಕೆ ಮುಟ್ಟಬೇಕೆಂದು ತೀರ್ಮಾನಿಸುವುದು ಆ ಶಾಖೆ. ಆ ಅವಧಿಗೆ ರನ್ನಿಂಗ್ ಟೈಮು ಎನ್ನುತ್ತಾರೆ. ಕೈಕೆಳಗಿನವರು ಹಿಂದಿನಿಂದ ಅವನನ್ನು ನಿಮಿಷದ ಸಾಹೇಬ್ರು ಎನ್ನುತ್ತಾರೆ, ಒಮ್ಮೊಮ್ಮೆ ಬಾಯಿತಪ್ಪಿ ಎದುರಿಗೇ ಅಂದುಬಿಡುತ್ತಾರೆ, ಆಗ ಅವನು ಕಿವಿ ಕೇಳಿಸದವನಂತೆ ಫೈಲು ತಿರುವುತ್ತಾನೆ. ರನ್ನಿಂಗ್ ಟೈಮಿಗಿಂತ ತಡವಾಗಿ ಮುಟ್ಟಿದ ಡ್ರೈವರಿಗೆ ಮೆಮೊ. ಒಂದು ತಿಂಗಳ ಹಿಂದೆ ಈ ಮಾರ್ಗದ ಡ್ರೈವರೊಬ್ಬ ನೀರಿನ ಟ್ಯಾಂಕ್ ಸ್ಟಾಪಿನ ಹತ್ತಿರ, ಹೆಂಗಸೊಬ್ಬಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿರುವಾಗಲೇ ಬಸ್ಸು ಬಿಟ್ಟಿದ್ದ. ಅವಳು ಬಿದ್ದು ಮಣಿಕಟ್ಟು ಮುರಿದುಕೊಂಡಳು. ಡ್ರೈವರ್ ಸಸ್ಪೆಂಡ್ ಆಗಿ ಮನೆಯಲ್ಲಿ ಕೂತ. ಕಾರಣ ಕೇಳಿದ್ದಕ್ಕೆ ಅವನು ಬರೆದುಕೊಟ್ಟದ್ದು ಒಂದೇ ಸಾಲು: ಕೊಟ್ಟಿರುವ ರನ್ನಿಂಗ್ ಟೈಮ್ ಸಾಲದು, ಆದ್ದರಿಂದ ಅವಸರ ಮಾಡಿದೆ. ಈಗ ವೇಳಾಪಟ್ಟಿ ಶಾಖೆಯವರು ಬಂದು, ಇಲ್ಲ, ಕೊಟ್ಟಿರುವುದು ಸಾಕು, ಎಂದು ಹೇಳಿಕೆ ಕೊಟ್ಟು ಸಹಿ ಹಾಕಬೇಕು. ಹಾಕಿದರೆ ಡ್ರೈವರ್ ಕಾಯಮ್ಮಾಗಿ ಮನೆಗೆ. ಒಂದು ವಾಕ್ಯ, ಒಂದು ಸಹಿ, ಅಷ್ಟೇ ಕೆಲಸ. ಬಿದ್ದ ಹೆಂಗಸು ಅವನ ಒಡಹುಟ್ಟಿದ ಅಕ್ಕ. ಇದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ನಿನ್ನೆ ಸಂಜೆ ಅಕ್ಕ ಫೋನು ಮಾಡಿದ್ದಳು. "ನಾಳೆ ನಂಗೂ ಬಾ ಅಂದಿದಾರೆ, ನೋಟೀಸು ಬಂದಿದೆ. ನೀನೂ ಬರ್ತೀಯಂತಲ್ಲ?"

"ಹೂಂ."

"ಅಲ್ಲಿ ನಿನ್ನ ನನ್ನ ತಮ್ಮ ಅನ್ಲೋ, ಬೇಡ್ವೋ?"

"ಬೇಡ ಅಕ್ಕ. ಆಫೀಸು ವಿಷಯ. ಇಲ್ಲದ್ದೆಲ್ಲ ಕಲ್ಪಿಸ್ಕೊಂಡು ಮಾತಾಡ್ತಾರೆ."

"ಸರಿ ಬಿಡು, ನಂಗೇನು. ಸಾರ್ ಅಂತೀನಿ," ಎಂದು ಅವಳು ನಕ್ಕಳು. ನಗು ನಿಂತ ಮೇಲೆ ಹೇಳಿದಳು: "ಆ ಡ್ರೈವರಪ್ಪ ಅವನೇ ಇಳಿದು ಬಂದು ನನ್ನ ಎತ್ತಿ, ಬಸ್ಸಲ್ಲೇ ಕೂರಿಸ್ಕೊಂಡು ಆಸ್ಪತ್ರೆ ಬಾಗಿಲಿಗೆ ಬಿಟ್ಟ. ಒಳಗಿದ್ದ ಜನ ಎಲ್ಲ ಬೈತಾ ಇದ್ರು. ಅದನ್ನೂ ತಪ್ಪು ಅಂತ ಬರ್ದಿದಾರಂತೆ, ಹೌದಾ?"

ಹೌದು. ನಿಗದಿತ ಮಾರ್ಗ ಬಿಟ್ಟು ವಾಹನ ಓಡಿಸಿದ್ದು, ಆರೋಪ ಎರಡು. "ಬರ್ದಿದಾರೆ," ಎಂದ.

"ನೀನೇನು ಹೇಳ್ತೀಯ?"

"ನೋಡೋಣ."

ಬಿಚ್ಚಲು ಇಷ್ಟವಿಲ್ಲದ ಫೈಲುಗಳ ಮೇಲೆ ಮೂವತ್ತು ವರ್ಷ ಪೆನ್ಸಿಲಿನಲ್ಲಿ ಬರೆದ ಮಾತು ಅದು. ಅಕ್ಕನಿಗೆ ಅದು ತಿಳಿಯುತ್ತದೆಯೋ ಇಲ್ಲವೋ, ಅವಳು ಮತ್ತೆ ಕೇಳಲಿಲ್ಲ. ಕೈಯಲ್ಲಿ ಪ್ಲಾಸ್ಟರು ಇರುವುದರಿಂದ ಫೋನು ಹಿಡಿದು ಮಾತಾಡುವುದು ಕಷ್ಟ, ಇಡ್ತೀನಿ, ಎಂದು ಇಟ್ಟಳು.

ಅವನು ಬಸ್ಸಿನಲ್ಲಿ ಕೂತು ಒಂಬತ್ತು ವರ್ಷವಾಗಿತ್ತು. ಕಚೇರಿಯ ಸಿಬ್ಬಂದಿಗೆ ಒಂದು ವ್ಯಾನು ಇದೆ, ಬೆಳಿಗ್ಗೆ ಮನೆಯ ಹತ್ತಿರದಿಂದ ಹತ್ತಿಸಿಕೊಂಡು ಸಂಜೆ ಅಲ್ಲೇ ಇಳಿಸುತ್ತದೆ. ಅದರಲ್ಲಿ ಅವನದೇ ಎಂದು ಒಂದು ಕಿಟಕಿ ಇದೆ, ಆ ಕಿಟಕಿಗೆ ಒರಗಿ ಅವನು ನಿದ್ದೆ ಮಾಡುತ್ತಾನೆ. ಇವತ್ತು ವ್ಯಾನು ತಪಾಸಣೆಯ ಅಧಿಕಾರಿಗಳ ಜೊತೆ ಹೋಗಿತ್ತು. ಬಸ್ಸಲ್ಲೇ ಹೋಗ್ತೀನಿ ಬಿಡಿ, ನಮ್ಮದೇ ಬಸ್ಸು, ಎಂದು ದೊಡ್ಡಸ್ತಿಕೆಯಿಂದ ಹೇಳಿ ಹೊರಟಿದ್ದ. ಎಡಗಡೆ ಸಾಲಿನಲ್ಲಿ ಮುಂದಿನಿಂದ ಎರಡನೆಯ ಸೀಟು ಸಿಕ್ಕಿತ್ತು. ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡು ಮೇಲೂ ಹೋಗದೆ ಕೆಳಗೂ ಬಾರದೆ ಕೂತಿತ್ತು. ಪಕ್ಕದಲ್ಲಿ ನಿಂತವನ ಚೀಲ ಬಸ್ಸು ಬ್ರೇಕು ಹಾಕಿದಾಗಲೆಲ್ಲ ಅವನ ಕಿವಿಗೆ ತಗಲುತ್ತಿತ್ತು. ಎರಡು ಸಲ ತಲೆಯೆತ್ತಿ ನೋಡಿದ, ಚೀಲದವನಿಗೆ ಅದು ಗೊತ್ತೇ ಆಗಲಿಲ್ಲ, ಮೂರನೆಯ ಸಲದಿಂದ ಅವನು ಬ್ರೇಕಿನ ಸದ್ದು ಕೇಳಿದೊಡನೆ ತಲೆ ಓರೆ ಮಾಡುವುದನ್ನು ಕಲಿತ. ಎದುರಿಗೆ ಓರೆಯಲ್ಲಿ ಡ್ರೈವರನ ಬೆನ್ನು. ಅಂಗಿ ಬೆನ್ನಿಗೆ ಅಂಟಿ ಬಣ್ಣ ಬದಲಾಗಿತ್ತು. ಆತನ ಎಡಗಡೆ, ಎಂಜಿನ್ನಿನ ಮೇಲಿನ ತಗಡಿನ ಪಕ್ಕ, ಒಂದು ನೀರಿನ ಬಾಟಲಿ ಸಿಕ್ಕಿಸಿತ್ತು. ಬಾಟಲಿ ಕತ್ತಿನವರೆಗೂ ತುಂಬಿತ್ತು. ಮನೆಯಿಂದ ಹೊರಡುವಾಗ ತುಂಬಿಸಿದ್ದೇ ಇರಬೇಕು, ಇನ್ನೂ ಮುಟ್ಟಿಲ್ಲ, ಎಂದುಕೊಂಡ. ಅವನಿಗೂ ಬಾಯಾರಿತ್ತು, ನೀರು ತಂದಿರಲಿಲ್ಲ. ಐವತ್ತೆಂಟು ನಿಮಿಷಕ್ಕೆ ಯಾರು ನೀರು ಹೊರುತ್ತಾರೆ.

ಬಟ್ಟೆ ಅಂಗಡಿಗಳ ರಸ್ತೆ ಮುಗಿಯುವ ಹೊತ್ತಿಗೆ ಹನ್ನೊಂದು ನಲವತ್ತಾಯಿತು. ಅವನ ಪಟ್ಟಿಯ ಪ್ರಕಾರ ಆ ಹೊತ್ತಿಗೆ ಬಸ್ಸು ಅರ್ಧ ಊರು ದಾಟಿ ರೈಲ್ವೆ ಗೇಟಿನ ಹತ್ತಿರ ಇರಬೇಕಿತ್ತು. ಮುಂದೆ ಹೊಸ ಮೇಲ್ಸೇತುವೆಗೆ ಕಂಬ ನಿಲ್ಲಿಸಲು ರಸ್ತೆಯ ನಡುವೆ ತಗಡು ಹೊಡೆದಿದ್ದರು. ಮೂರು ಸಾಲಿನ ಗಾಡಿಗಳು ಒಂದೇ ಸಾಲಾಗಬೇಕು, ಯಾರೂ ಆಗಲೊಲ್ಲರು. ಬಸ್ಸು ಎಂಜಿನ್ ನಿಲ್ಲಿಸದೆ ನಡುಗುತ್ತಾ ನಿಂತಿತು. ಜನ ಮೊದಮೊದಲು ಬಗ್ಗಿ ಮುಂದೆ ನೋಡಿದರು, ಆಮೇಲೆ ನೋಡುವುದನ್ನೂ ಬಿಟ್ಟರು. ದಿನವೂ ಬರುವವರ ಮುಖ ಹಾಗಿರುತ್ತದೆ ಎಂದು ಅವನಿಗೆ ಈಗ ತಿಳಿಯಿತು: ಸಿಟ್ಟಿಲ್ಲ, ಬೇಜಾರೂ ಇಲ್ಲ, ಮುಖವನ್ನು ಬಿಚ್ಚಿ ಚೀಲದಲ್ಲಿಟ್ಟುಕೊಂಡು ಇಳಿಯುವಾಗ ಮತ್ತೆ ಹಾಕಿಕೊಳ್ಳುವವರಂತೆ ಇರುತ್ತಾರೆ. ಅವನ ಮುಖ ಮಾತ್ರ ಇನ್ನೂ ಅವನ ಮೇಲೆಯೇ ಇತ್ತು. ಗಡಿಯಾರ ನೋಡಿದ. ನೋಡಿದ್ದನ್ನು ಪಕ್ಕದಲ್ಲಿ ಕಿಟಕಿಗೆ ಕೂತಿದ್ದ ಮುದುಕ ನೋಡಿದ. "ನೋಡಿದ್ರೆ ಬೇಗ ಹೋಗುತ್ತಾ ಸಾರ್," ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಣ್ಣು ಮುಚ್ಚಿಕೊಂಡ.

ಆ ಭಾನುವಾರ ಈ ರಸ್ತೆ ಖಾಲಿಯಿತ್ತು. ಅಂಗಡಿಗಳೆಲ್ಲ ಮುಚ್ಚಿದ್ದವು, ಒಂದು ನಾಯಿ ನಡುರಸ್ತೆಯಲ್ಲಿ ಮಲಗಿತ್ತು, ಬಸ್ಸು ಅದನ್ನು ಬಳಸಿ ಹೋಗಿತ್ತು. ಹನ್ನೊಂದು ವರ್ಷದ ಹಿಂದಿನ ಮಾತು. ಸೋಮವಾರದಿಂದ ಶನಿವಾರದವರೆಗೆ ಆರು ದಿನ, ಸ್ಟಾಪ್‌ವಾಚು ಹಿಡಿದು ಈ ಮಾರ್ಗದಲ್ಲಿ ಓಡಾಡಿ, ಆರು ದಿನದ ಸರಾಸರಿ ತೆಗೆದು ಬರೆಯಬೇಕೆಂದು ಅವನಿಗೆ ಆದೇಶವಾಗಿತ್ತು. ಸೋಮವಾರ ನಾಳೆ ಎಂದ, ಮಂಗಳವಾರ ನಾಳೆ ಎಂದ. ಜ್ವರವಿರಲಿಲ್ಲ, ಮನೆಯಲ್ಲಿ ಕಷ್ಟವಿರಲಿಲ್ಲ, ಹೆಂಡತಿ ತವರಿಗೆ ಹೋಗಿರಲಿಲ್ಲ. ಆಮೇಲೆ ಎಷ್ಟೋ ಸಲ ಅವನು ಹುಡುಕಿ ನೋಡಿದ್ದಾನೆ, ಒಂದು ಕಾರಣವಾದರೂ ಸಿಕ್ಕಿದ್ದರೆ ಅದಕ್ಕೆ ನೇತುಹಾಕಿ ನೆಮ್ಮದಿಯಿಂದ ಇರಬಹುದಿತ್ತು. ನೂಕುನುಗ್ಗಲಿನಲ್ಲಿ ನಿಂತು ಹೋಗುವುದು ಬೇಡವಾಗಿತ್ತು, ಅಷ್ಟೇ. ಕೊನೆಗೆ ಭಾನುವಾರ ಹೇಗೂ ಅಕ್ಕನ ಮನೆಗೆ ಊಟಕ್ಕೆ ಹೋಗಬೇಕಿತ್ತು, ಅವಳ ಮನೆಯಿರುವುದು ಡಿಪೋಗೆ ಮೂರು ಸ್ಟಾಪು ಮೊದಲು, ನೀರಿನ ಟ್ಯಾಂಕಿನ ಹತ್ತಿರ. ಬಸ್ಸು ಹತ್ತಿದ, ಸೀಟು ಸಿಕ್ಕಿತು, ಡಿಪೋವರೆಗೂ ಹೋದ, ಐವತ್ತೈದು ನಿಮಿಷವಾಯಿತು. ಹಿಂದಕ್ಕೆ ನಡೆದು ಬಂದು ಅಕ್ಕನ ಮನೆಯಲ್ಲಿ ಉಂಡು, ಕೈ ಒರೆಸಿಕೊಂಡು, ಅದೇ ಮೇಜಿನ ಮೇಲೆ ನಮೂನೆಯ ಕಾಗದ ಹರವಿ, ಐವತ್ತೈದನ್ನು ಬುಧವಾರದ ಮನೆಯಲ್ಲಿ ಬರೆದ. ಮಿಕ್ಕ ಐದು ಮನೆ ಖಾಲಿಯಿದ್ದವು. ಎಲ್ಲ ಒಂದೇ ಆಗಿದ್ದರೆ ಅನುಮಾನ ಬರುತ್ತದೆ, ಹತ್ತು ಇಪ್ಪತ್ತರ ಹಾಗೆ ದುಂಡಗಿದ್ದರೂ ಬರುತ್ತದೆ. ನಿಜದ ಲೆಕ್ಕ ಅಂಕುಡೊಂಕಾಗಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಐವತ್ತೇಳು, ಅರವತ್ತು, ಐವತ್ತೆಂಟು, ಅರವತ್ತೊಂದು, ಮತ್ತೆ ಐವತ್ತೇಳು; ಆರರ ಸರಾಸರಿ ಸರಿಯಾಗಿ ಐವತ್ತೆಂಟು. ಶುಕ್ರವಾರಕ್ಕೆ ಅರವತ್ತೊಂದು ಕೊಟ್ಟದ್ದು ವಾರದ ಕೊನೆಯ ಜಂಗುಳಿಯನ್ನು ನೆನೆದು. ಆ ಸೂಕ್ಷ್ಮಕ್ಕೆ ಅವನು ಆವತ್ತು ತನ್ನನ್ನು ತಾನೇ ಮೆಚ್ಚಿಕೊಂಡಿದ್ದ.

ಎದುರಿಗೆ ಕೂತು ಬಟ್ಟೆ ಮಡಿಸುತ್ತಿದ್ದ ಅಕ್ಕ ಕೇಳಿದ್ದಳು: "ಏನೋ ಅದು, ಮಗ್ಗಿ ಬರೀತಿದೀಯಾ?"

"ಬಸ್ಸಿನ ಟೈಮು ಅಕ್ಕ."

"ಬಸ್ಸೆಲ್ಲಿದೆ ಇಲ್ಲಿ?" ಕಾಗದದ ಕಡೆ ಬಗ್ಗಿ ನೋಡಿ, ಅವನ ಮುಖ ನೋಡಿ, ಅವಳಿಗೆ ಅರ್ಥವಾಗಿಬಿಟ್ಟಿತು. ಚಿಕ್ಕಂದಿನಿಂದ ಅವಳಿಗೆ ಬೇಗ ಅರ್ಥವಾಗುತ್ತದೆ. "ಊರೋರೆಲ್ಲ ರೈಲು ಬಿಡ್ತಾರೆ, ನೀನು ಬಸ್ಸು ಬಿಡ್ತಿದೀಯ," ಎಂದು ನಕ್ಕಳು. ಅವನೂ ನಕ್ಕ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬಂದ ವರ್ಷಗಳಲ್ಲಿ ಅವಳು, ನಿಮ್ಮ ಬಸ್ಸು ನಮ್ಮ ಸ್ಟಾಪಲ್ಲಿ ನಿಲ್ಲಿಸೋದೇ ಇಲ್ಲ ಕಣೋ, ಎಂದು ಹೇಳುವಳು. ಬರೆದುಕೊಡು ಅಕ್ಕ, ವಿಚಾರಿಸ್ತೀವಿ, ಎಂದು ಅವನು ಹೇಳುವನು. ಯಾಕೆ ನಿಲ್ಲಿಸುವುದಿಲ್ಲ ಎಂದು ಅವಳು ಕೇಳಲಿಲ್ಲ. ಗೊತ್ತಿದ್ದೇ ಕೇಳಲಿಲ್ಲವೇನೋ. ಆ ಅನುಮಾನ ಅವನನ್ನು ಈ ತಿಂಗಳಿಡೀ ತಿಂದಿತ್ತು.

ಮೇಲ್ಸೇತುವೆಯ ತಗಡು ದಾಟಿದಾಗ ಹನ್ನೆರಡು ಗಂಟೆ ಎಂಟು ನಿಮಿಷ. ಗಡಿಯಾರವನ್ನು ನೋಡಬಾರದೆಂದು ನಿಶ್ಚಯಿಸಿಕೊಂಡಿದ್ದರೂ ಸರಿಯಾಗಿ ಆ ಕ್ಷಣಕ್ಕೇ ನೋಡಿದ. ಅವನ ಪಟ್ಟಿಯಲ್ಲಿ ಈ ಬಸ್ಸು ಈಗ ಡಿಪೋ ಸೇರಿ ಆಗಿತ್ತು, ಈ ಡ್ರೈವರ್ ಇಳಿದು ಮೈ ಮುರಿದು ನಾಲ್ಕು ಹೆಜ್ಜೆ ಓಡಾಡುತ್ತಿದ್ದ. ನಿಜದ ಬಸ್ಸು ಇನ್ನೂ ರೈಲ್ವೆ ಗೇಟಿಗೂ ಬಂದಿರಲಿಲ್ಲ. ಬಾಯಾರಿಕೆಯ ಜೊತೆಗೆ ಈಗ ಮೂತ್ರದ ಒತ್ತಡವೂ ಸೇರಿಕೊಂಡಿತು. ಬೆಳಿಗ್ಗೆ ಕುಡಿದ ಎರಡು ಲೋಟ ಕಾಫಿಯದು. ಕಾಲು ಜೋಡಿಸಿಕೊಂಡು ಕೂತ. ಐವತ್ತಾರು ವರ್ಷದ ಮನುಷ್ಯ, ಮಡಿಲಲ್ಲಿ ಸರ್ಕಾರಿ ಫೈಲು, ಶಾಲೆಯ ಹುಡುಗನ ಹಾಗೆ ಮಂಡಿ ಒತ್ತಿಕೊಂಡು ಕೂತಿದ್ದಾನೆ ಎಂದು ತನಗೇ ನಾಚಿಕೆಯಾಯಿತು. ಫೋನು ಬಡಿದುಕೊಂಡಿತು. ಅಕ್ಕ.

"ಎಲ್ಲಿದೀಯೋ? ನಾನು ಬಂದು ಅರ್ಧ ಗಂಟೆ ಆಯ್ತು."

"ಬಂದೆ ಬಂದೆ. ಇನ್ನು ಹತ್ತು ನಿಮಿಷ."

"ನಿನ್ನ ಹತ್ತು ನಿಮಿಷ ನಂಗೊತ್ತಿಲ್ವಾ," ಎಂದಳು ಅಕ್ಕ. ದನಿಯಲ್ಲಿ ತಮಾಷೆಯೇ ಇತ್ತು. ಪಕ್ಕದ ಮುದುಕ ಕಣ್ಣು ಮುಚ್ಚಿಕೊಂಡೇ ಮುಗುಳ್ನಕ್ಕ.

ರೈಲ್ವೆ ಗೇಟು ದಾಟಿದ ಮೇಲೆ ಬಸ್ಸಿನ ಸ್ವಭಾವ ಬದಲಾಯಿತು. ರಸ್ತೆ ಸ್ವಲ್ಪ ಬಿಡುವಾದದ್ದೇ ತಡ, ಅಷ್ಟು ಹೊತ್ತು ಗುಡ್ಡೆಯಂತೆ ಕೂತಿದ್ದ ಡ್ರೈವರನ ಬೆನ್ನು ಮುಂದಕ್ಕೆ ಬಾಗಿತು. ಒಂದು ಸ್ಟಾಪಿನಲ್ಲಿ ಅರ್ಧ ನಿಂತು ಹೊರಟ. ಇನ್ನೊಂದರಲ್ಲಿ ಇಳಿಯುವವರಿಲ್ಲ ಎಂದು ಕಂಡಕ್ಟರಮ್ಮ ಕೂಗಿದ್ದೇ, ಹತ್ತುವವರ ಕೈಗಳನ್ನು ದಾಟಿಕೊಂಡು ಹೋಗಿಬಿಟ್ಟ. ಯಾರೂ ಮಾತಾಡಲಿಲ್ಲ. ಆ ಮುಂದಿನ ಸ್ಟಾಪಿನಲ್ಲಿ ಹೆಂಗಸೊಬ್ಬಳು ಎರಡು ಕೈಯಲ್ಲೂ ಚೀಲ ಹಿಡಿದುಕೊಂಡು ಬಸ್ಸಿನ ಪಕ್ಕ ಓಡಿಬಂದಳು. ಅರ್ಧ ತೆರೆದ ಕಿಟಕಿಯಲ್ಲಿ ಅವಳ ಮುಖ ಮುದುಕನ ತಲೆಯಾಚೆ, ಅವನಿಗೆ ಎರಡು ಮೊಳ ದೂರದಲ್ಲಿ, ಬಾಯಿ ತೆರೆದುಕೊಂಡು, ಮೇಲೆ ಕೆಳಗೆ ಕುಣಿಯುತ್ತಿತ್ತು. ಕಂಡಕ್ಟರಮ್ಮ ಸೀಟಿ ಬಾಯಿಗಿಟ್ಟು ಒಂದು ಕ್ಷಣ ಅನುಮಾನಿಸಿದಳು. ಆಗ ಅವನ ಬಾಯಿಂದ ಮಾತು ಬಂತು: "ಹೋಗ್ಲಿ ಹೋಗ್ಲಿ, ಹಿಂದೆ ಇನ್ನೊಂದು ಬರುತ್ತೆ."

ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಬಸ್ಸು ಹೋಯಿತು. ಹೆಂಗಸು ಕಿಟಕಿಯಿಂದ ಹಿಂದೆ ಸರಿದಳು. ಕಂಡಕ್ಟರಮ್ಮ ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಇವನೂ ಎಲ್ಲರಂಥವನೇ ಎಂಬ ಒಂದು ಗುರುತು ಮಾತ್ರ ಇತ್ತು. ಹಿಂದೆ ಇನ್ನೊಂದು ಬಸ್ಸು ಬರುವುದು ನಲವತ್ತು ನಿಮಿಷದ ಮೇಲೆ. ಆ ಪಟ್ಟಿಯೂ ಅವನದೇ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಜೊತೆಗೇ ಮೂರು ನಿಮಿಷ ಉಳಿಯಿತೆಂಬ ಸಂತೋಷವೂ ಆಯಿತು. ಎರಡೂ ಒಟ್ಟಿಗೇ ಇದ್ದವು, ಒಂದು ಇನ್ನೊಂದನ್ನು ಓಡಿಸಲಿಲ್ಲ.

ನೀರಿನ ಟ್ಯಾಂಕಿನ ಸ್ಟಾಪು ದೂರದಿಂದಲೇ ಕಂಡಿತು. ತಗಡಿನ ಸೂರು, ಸಿಮೆಂಟಿನ ಬೆಂಚು, ಮಾರ್ಗದ ಸಂಖ್ಯೆ ಬರೆದ ಫಲಕ, ಎಲ್ಲ ಸರಿಯಾಗಿತ್ತು. ಒಬ್ಬ ಮನುಷ್ಯನೂ ಇರಲಿಲ್ಲ. ಬೆಂಚಿನ ಮೇಲೆ ಧೂಳು ಒಂದು ಬೆರಳು ದಪ್ಪ ಕೂತಿತ್ತು. ಬಸ್ಸು ವೇಗ ತಗ್ಗಿಸದೆ ಅದನ್ನು ದಾಟಿತು. ದಾಟಿ ನಲವತ್ತು ಹೆಜ್ಜೆ ಹೋದ ಮೇಲೆ ರಸ್ತೆಗೆ ಅಡ್ಡಲಾಗಿ ಹಾಕಿದ ಉಬ್ಬು ಬಂತು, ಅಲ್ಲಿ ಬಸ್ಸು ನಿಧಾನ ಮಾಡಲೇಬೇಕು, ಇಲ್ಲದಿದ್ದರೆ ಅಚ್ಚು ಮುರಿಯುತ್ತದೆ. ಆ ಉಬ್ಬಿನ ಪಕ್ಕದಲ್ಲಿ, ಚರಂಡಿಯ ಕಲ್ಲುಗಳ ಮೇಲೆ, ಬಿಸಿಲಿನಲ್ಲಿ ಹನ್ನೆರಡು ಹದಿಮೂರು ಜನ ಕಾಯುತ್ತಿದ್ದರು. ಮುದುಕಿಯರು, ಯೂನಿಫಾರಂ ಹಾಕಿದ ನರ್ಸು, ಮಗು ಎತ್ತಿಕೊಂಡವನು. ಬಸ್ಸು ಉಬ್ಬು ಏರಿ ಇಳಿಯುವಷ್ಟರಲ್ಲಿ ಅವರು ಯಾವ ಗಲಾಟೆಯೂ ಇಲ್ಲದೆ, ಅಭ್ಯಾಸವಾದವರ ಹಾಗೆ, ಮೊದಲು ಮಗು, ಆಮೇಲೆ ಮುದುಕಿಯರು, ಕಂಬಿ ಹಿಡಿದು ಹತ್ತಿಕೊಂಡರು. ಬಸ್ಸು ಪೂರ್ತಿ ನಿಲ್ಲಲೇ ಇಲ್ಲ. ಕೊನೆಯ ಮುದುಕಿಯನ್ನು ಒಳಗಿದ್ದವರು ತೋಳು ಹಿಡಿದು ಎಳೆದುಕೊಂಡರು. ಅಕ್ಕ ಬಿದ್ದದ್ದು ಇಲ್ಲಿ. ಅವನು ಊರಿಗೆಲ್ಲ ವೇಳೆ ಹಂಚುತ್ತಾ ಕೂತಿದ್ದ ಕಾಲದಲ್ಲಿ, ಈ ಬಡಾವಣೆಯ ಜನ ಮಾತಾಡಿಕೊಂಡೋ ಮಾತಾಡದೆಯೋ, ತಮ್ಮ ಸ್ಟಾಪನ್ನು ನಲವತ್ತು ಹೆಜ್ಜೆ ಮುಂದಕ್ಕೆ ಹೊತ್ತು ತಂದಿದ್ದರು. ಅವನು ಮತ್ತೆ ಗಡಿಯಾರ ನೋಡಲಿಲ್ಲ.

ಡಿಪೋದ ಅಂಗಳದಲ್ಲಿ ಇಳಿದಾಗ ಕಾಲು ಜೋಮು ಹಿಡಿದಿತ್ತು. ಇಳಿಯುವ ಮೊದಲು ನೋಡಿದ. ಬಾಟಲಿಯ ನೀರು ಕತ್ತಿನವರೆಗೂ ಹಾಗೇ ಇತ್ತು. ಕಚೇರಿಯ ಗೋಡೆಗಡಿಯಾರ ಒಂದಕ್ಕೆ ಒಂದು ನಿಮಿಷ ಕಡಿಮೆ ತೋರಿಸುತ್ತಿತ್ತು. ಬಾಗಿಲ ಹೊರಗೆ ನೀರಿನ ಕ್ಯಾನಿನ ಪಕ್ಕ ಬಿಳಿ ಅಂಗಿಯ ಒಬ್ಬ ನಿಂತಿದ್ದ. ಅವನೇ ಇವನ ಸ್ಥಿತಿ ನೋಡಿ ಒಂದು ಲೋಟ ತುಂಬಿಸಿ ಕೊಟ್ಟ. ಇವನು ಒಂದೇ ಉಸಿರಿಗೆ ಕುಡಿದು, ಮುಖ ನೋಡದೆ, "ಇನ್ನೊಂದ್ಲೋಟ ಕೊಡಪ್ಪ," ಎಂದು ಲೋಟ ಚಾಚಿದ. ಆತ ಇನ್ನೊಂದು ತುಂಬಿಸಿ ಕೊಟ್ಟ. "ಸಾಹೇಬ್ರು ಕೂಗ್ತಿದಾರೆ ಸಾರ್, ನೀವು ಬಂದ ತಕ್ಷಣ ಒಳಗೆ ಬರ್ಬೇಕಂತೆ," ಎಂದ. ಮೂತ್ರಕ್ಕೆ ಎಲ್ಲಿ ಹೋಗಬೇಕೆಂದು ಕೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಇವನು ಒಳಗೆ ಹೋದ. ಇವನ ಹಿಂದೆಯೇ ಬಿಳಿ ಅಂಗಿಯವನೂ ಬಂದು, ಮೇಜಿನ ಈಚೆ, ಕುರ್ಚಿ ಇಲ್ಲದ ಜಾಗದಲ್ಲಿ ಕೈ ಕಟ್ಟಿ ನಿಂತುಕೊಂಡ. ಜವಾನ ಎಂದುಕೊಂಡಿದ್ದವನು ಸಸ್ಪೆಂಡ್ ಆದ ಡ್ರೈವರ್.

ವಿಚಾರಣೆಯ ಅಧಿಕಾರಿ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಏನೋ ಓದುತ್ತಿದ್ದರು. ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಟೈಪ್ ಮಾಡುವ ಹುಡುಗಿ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಅಕ್ಕ, ಕೈಯನ್ನು ಕುತ್ತಿಗೆಗೆ ಬಟ್ಟೆಯಲ್ಲಿ ಕಟ್ಟಿಕೊಂಡು. ಅವಳು ಅವನನ್ನು ಗುರುತಿಲ್ಲದವಳಂತೆ ನೋಡಿ, ಅಧಿಕಾರಿಗೆ ಹೇಳಿದಳು: "ಆ ಸಾರಿಗೆ ಫ್ಯಾನಿನ ಕೆಳಗೆ ಕೂರೋಕೆ ಹೇಳಿ, ಪಾಪ, ಬೆವೆತುಹೋಗಿದಾರೆ."

ಸಾರ್ ಎಂದದ್ದು ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ತಾನೇ ಬೇಡಿಕೊಂಡದ್ದು.

"ಲೇಟಾಯ್ತು ಅಂತ ಬೇಜಾರು ಮಾಡ್ಕೋಬೇಡಿ," ಎಂದರು ಅಧಿಕಾರಿ. ಒಳ್ಳೆಯ ಮನುಷ್ಯ, ಕುಹಕವಿಲ್ಲದೆಯೇ ಹೇಳಿದರು. "ಈ ಟ್ರಾಫಿಕ್ಕಲ್ಲಿ ಯಾರು ತಾನೇ ಟೈಮಿಗೆ ಬರ್ತಾರೆ? ಈ ಅಮ್ಮನ ಹೇಳಿಕೆ ಆಯ್ತು. ನಿಮ್ಮದು ನಾನೇ ಟೈಪ್ ಮಾಡಿಸಿಟ್ಟಿದೀನಿ. ಓದಿ ಸೈನ್ ಹಾಕಿದ್ರೆ ಮುಗೀತು."

ಯಾರು ತಾನೇ ಟೈಮಿಗೆ ಬರ್ತಾರೆ ಎಂದಾಗ ಡ್ರೈವರ್ ನೆಲ ನೋಡಿದ. ಇವನು ಮೇಜಿಗೆ ಕುರ್ಚಿ ಎಳೆದು ಕೂತು ಕಾಗದ ತೆಗೆದುಕೊಂಡ. 'ಸದರಿ ಮಾರ್ಗಕ್ಕೆ ನಿಗದಿಪಡಿಸಿರುವ ಐವತ್ತೆಂಟು ನಿಮಿಷಗಳ ಅವಧಿಯು ಸಾಮಾನ್ಯ ಪರಿಸ್ಥಿತಿಯಲ್ಲಿ ಸಾಕಷ್ಟಿರುತ್ತದೆ.' ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಜೇಬಿನಿಂದ ಟಿಕೆಟ್ಟು ತೆಗೆದು ಅದರ ಪಕ್ಕ ಇಟ್ಟ.

"ಹನ್ನೊಂದು ಹತ್ತಕ್ಕೆ ಹತ್ತಿದೆ ಸರ್. ಒಂದು ಗಂಟೆ ನಲವತ್ತೊಂಬತ್ತು ನಿಮಿಷ ಆಯ್ತು."

ಅಧಿಕಾರಿ ನಕ್ಕರು. "ಒಂದು ದಿನದ್ದು ಲೆಕ್ಕ ಅಲ್ಲವಲ್ಲ ಸಾಹೇಬ್ರೇ. ಆರು ದಿನ, ಆರು ದಿನದ ಸರಾಸರಿ. ನಿಮ್ಮ ಶಾಖೆಯದೇ ನಿಯಮ, ನಾನು ನಿಮಗೆ ಹೇಳ್ಬೇಕಾ?"

ಇಷ್ಟು ಹೇಳಿದೆನಲ್ಲ, ಸಾಕು, ಎಂದು ಅವನಿಗೆ ಅನ್ನಿಸಿತು. ಹೇಳಬೇಕಾದದ್ದನ್ನು ಹೇಳಿದ್ದಾಯಿತು, ನಿಯಮ ಅಡ್ಡ ಬಂತು, ತಾನೇನು ಮಾಡಲಿಕ್ಕಾಗುತ್ತದೆ. ಪೆನ್ನು ಕೈಗೆ ಬಂದಿತ್ತು. ಎರಡು ವರ್ಷದಲ್ಲಿ ನಿವೃತ್ತಿ, ಆಮೇಲೆ ಈ ವ್ಯಾನೂ ಬೇಡ ಬಸ್ಸೂ ಬೇಡ. ಕೆಳಹೊಟ್ಟೆ ನೋಯುತ್ತಿತ್ತು, ಸಹಿ ಹಾಕಿದರೆ ಎದ್ದು ಹೋಗಬಹುದಿತ್ತು. ತಲೆಯೆತ್ತಿದ. ಅಕ್ಕ ಅವನನ್ನು ನೋಡುತ್ತಿರಲಿಲ್ಲ. ಪ್ಲಾಸ್ಟರಿನಿಂದ ಹೊರಗೆ ಬಂದ ತನ್ನ ಬೆರಳ ತುದಿಗಳನ್ನು ನೋಡಿಕೊಳ್ಳುತ್ತಾ, ಅವುಗಳನ್ನು ಒಂದೊಂದಾಗಿ ಅಲುಗಾಡಿಸುತ್ತಿದ್ದಳು. ಬಟ್ಟೆ ಮಡಿಸುತ್ತಿದ್ದ ಕೈ.

"ಇದೂ ಒಂದೇ ದಿನದ್ದು ಸರ್," ಎಂದ.

"ಯಾವುದು?"

"ಐವತ್ತೆಂಟು. ಒಂದೇ ದಿನ ಬಂದಿದ್ದೆ. ಭಾನುವಾರ. ಮಿಕ್ಕ ಐದು ದಿನದ್ದು ನಾನೇ ಕೂತು ಬರ್ದೆ. ಹನ್ನೊಂದು ವರ್ಷದಿಂದ ಅದೇ ಓಡ್ತಿದೆ."

ಹುಡುಗಿಯ ಬೆರಳು ನಿಂತವು. ಅಧಿಕಾರಿ ಕನ್ನಡಕವನ್ನು ಹಣೆಯಿಂದ ಇಳಿಸಿ ಮೇಜಿನ ಮೇಲಿಟ್ಟರು. "ಬಿಸಿಲಲ್ಲಿ ಬಂದಿದೀರಿ," ಎಂದರು ಮೆಲ್ಲಗೆ. "ಏನು ಹೇಳ್ತಿದೀರಿ ಅಂತ ಸ್ವಲ್ಪ ಯೋಚ್ನೆ ಮಾಡಿ. ಇದು ನಿಮ್ಮ ಕುತ್ತಿಗೆಗೆ ಬರುತ್ತೆ. ಅಲ್ಲದೆ ಇದಕ್ಕೆ ಸಾಕ್ಷಿ ಏನಿದೆ? ನೀವು ಹೇಳ್ತೀರಿ, ಅಷ್ಟೇ ತಾನೇ?"

ತಪ್ಪಿಸಿಕೊಳ್ಳುವ ದಾರಿಯನ್ನು ಅವರು ಇನ್ನೊಮ್ಮೆ ತೆರೆದುಕೊಟ್ಟಿದ್ದರು. ಅವನಿಗೆ ಅದು ಕಂಡಿತು.

"ಬರೀವಾಗ ಒಬ್ರು ಎದುರಿಗೇ ಕೂತಿದ್ರು ಸರ್. ಇವರು. ಇವರು ನಮ್ಮಕ್ಕ."

ಅಕ್ಕ ಬೆರಳು ಅಲುಗಾಡಿಸುವುದನ್ನು ನಿಲ್ಲಿಸಿದಳು. "ಹೌದು," ಎಂದಳು ಅಧಿಕಾರಿಯ ಕಡೆ ತಿರುಗಿ. "ನಮ್ಮನೇಲೇ. ಊಟ ಆದ್ಮೇಲೆ. ನಾನು ನಕ್ಕಿದ್ದೆ ಸಾರ್ ಅವತ್ತು, ಬೈಲಿಲ್ಲ." ಆಮೇಲೆ ಅವನಿಗೆ ಹೇಳಿದಳು: "ಕೂತ್ಕೊಳ್ಳೋ."

ತಾನು ಎದ್ದು ನಿಂತಿದ್ದೇನೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಕೂತ.

"ಇದನ್ನೂ ಟೈಪ್ ಮಾಡ್ಲಾ ಸರ್?" ಎಂದು ಹುಡುಗಿ ಕೇಳಿದಳು. ಅಧಿಕಾರಿ ಮೇಜಿನ ಮೇಲಿದ್ದ ಟಿಕೆಟ್ಟನ್ನು ಎತ್ತಿ ತಿರುಗಿಸಿ ನೋಡಿದರು. ಇಂಥದೊಂದು ಕಾಗದ ಹೊರಗೆ ಹೋದರೆ ಹನ್ನೊಂದು ವರ್ಷದ ಮೆಮೊಗಳೆಲ್ಲ ಎದ್ದು ಕೂರುತ್ತವೆ ಎಂದು ಅವರು ಯೋಚಿಸುತ್ತಿದ್ದರೇನೋ. "ಮಾಡಮ್ಮ," ಎಂದರು ಕೊನೆಗೆ. "ಅವರ ಮಾತಲ್ಲೇ ಮಾಡು." ಇವತ್ತಿನ ವಿಚಾರಣೆ ಇಲ್ಲಿಗೇ ನಿಲ್ಲಿಸುತ್ತೇನೆ, ಕಾಗದ ಕೇಂದ್ರ ಕಚೇರಿಗೆ ಹೋಗುತ್ತದೆ, ನಿಮ್ಮ ಮೇಲೆ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ, ಎಂದು ಅವನಿಗೆ ಹೇಳಿದರು. ಡ್ರೈವರನ ಕಡೆ ತಿರುಗಿ, "ನೀವೇನಾದ್ರೂ ಹೇಳೋದಿದ್ಯೇನ್ರಿ?" ಎಂದು ಕೇಳಿದರು.

ಈ ಮನುಷ್ಯ ಕಾಲಿಗೆ ಬೀಳಬಹುದು, ಇಲ್ಲವೇ ಕತ್ತಿನ ಪಟ್ಟಿ ಹಿಡಿಯಬಹುದು ಎಂದು ಅವನು ಕಾಯುತ್ತಿದ್ದ. ಎರಡಕ್ಕೂ ಸಿದ್ಧನಿದ್ದ. ಡ್ರೈವರ್ ಎರಡನ್ನೂ ಮಾಡಲಿಲ್ಲ. ಏನನ್ನೋ ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿಕೊಂಡು ಹೋಗುತ್ತಿರುವವನ ಹಾಗೆ ನಿಂತಿದ್ದ.

"ನಾನು ಈ ರೂಟಿಗೆ ಬಂದು ಒಂಬತ್ತು ವರ್ಷ ಸಾರ್," ಎಂದ. ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯುವಂತಿರಲಿಲ್ಲ. "ಡ್ಯೂಟಿ ಮೇಲೆ ನಾನು ನೀರು ಕುಡಿಯಲ್ಲ. ಕುಡಿದ್ರೆ ಇಳೀಬೇಕಾಗುತ್ತಲ್ಲ. ಮನೇಲಿ ದಿನಾ ಬಾಟ್ಲಿ ತುಂಬಿಸಿ ಕೊಡ್ತಾಳೆ, ದಿನಾ ಹಾಗೇ ವಾಪಸ್ ತಗೊಂಡ್ಹೋಗ್ತೀನಿ. ಐವತ್ತೆಂಟಕ್ಕೆ ಒಂದಿನಾನೂ ಮುಟ್ಟಿಸೋಕಾಗಿಲ್ಲ. ಆಫೀಸರುಗಳು ಲೆಕ್ಕ ಹಾಕಿ ಬರ್ದಿರ್ತಾರೆ, ಸುಳ್ಳಿರುತ್ತಾ? ಸಾಲದು ಅಂತ ಬರ್ಕೊಟ್ಟಿದ್ರೂ, ಒಳಗೊಳಗೆ ನನ್ನ ಕೈಯೇ ನಿಧಾನ ಅಂದ್ಕೊಂಡಿದ್ದೆ."

ಅಷ್ಟೇ ಹೇಳಿದ. ಸಿಟ್ಟಿನಿಂದ ಹೇಳಲಿಲ್ಲ, ಅದೇ ಇವನಿಗೆ ತಡೆಯಲಾಗಲಿಲ್ಲ. ಬೆವರು ಮತ್ತೆ ಕಿತ್ತುಕೊಂಡು ಬಂತು. ಮೇಜಿನ ಕೆಳಗೆ ಮಂಡಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದುಕೊಂಡು, ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿದ್ದ. ಅಕ್ಕನಿಗೆ ಅದು ಕಾಣಲಿಲ್ಲ, ಅಧಿಕಾರಿಗೆ ಕಾಣಲಿಲ್ಲ. ಡ್ರೈವರ್ ಮಾತ್ರ ಅವನ ಮಂಡಿಗಳನ್ನು ನೋಡಿದ, ಮುಖ ನೋಡಿದ. ನೋಡಿದ ಕೂಡಲೇ ತಿಳಿದುಕೊಂಡ.

"ಹೊರಗೆ ಎಡಗಡೆ ಇದೆ ಸಾರ್, ಟೈರುಗಳ ಹಿಂದೆ," ಎಂದು ಬಗ್ಗಿ, ಮಿಕ್ಕವರಿಗೆ ಕೇಳಿಸದ ಹಾಗೆ ಹೇಳಿದ. "ಹೋಗ್ಬನ್ನಿ. ಟೈಮಿದೆ."